ಆಸ್ಪತ್ರೆಯ ರಾತ್ರಿ ಅಪ್ಪ ಏನೇನೋ ಮಾತಾಡಿದರೆ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎರಡನೇ ರಾತ್ರಿ 78ರ ಅಪ್ಪ ಎದ್ದು ಕೂತು "ಬಸ್ಸು ಹೊರಟಿತು, ಚೀಲ ಕೊಡು" ಅಂತಾರೆ. ಡ್ರಿಪ್ ಕಿತ್ತುಕೊಳ್ತಾರೆ. ಬೆಳಗಾದರೆ ಸರಿಯಿರ್ತಾರೆ. ಪಕ್ಕದ ಬೆಡ್ಡಿನವರು "ಅರಳುಮರಳು" ಅಂದುಬಿಡ್ತಾರೆ. ದಯವಿಟ್ಟು ಅದನ್ನು ಒಪ್ಪಬೇಡಿ.

ಅರಳುಮರಳು ಬರುವುದಕ್ಕೆ ತಿಂಗಳು, ವರ್ಷ ಬೇಕು. ಒಂದೆರಡು ದಿನದಲ್ಲಿ ಹೀಗಾದರೆ ಅದು ಸನ್ನಿ, ಡಾಕ್ಟರ ಭಾಷೆಯಲ್ಲಿ ಡೆಲಿರಿಯಂ. ಹುಡುಕಿದರೆ ಕಾರಣ ಬಹುತೇಕ ಸಿಗುತ್ತದೆ: ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) 135ಕ್ಕಿಂತ ಕೆಳಗಿಳಿದಿರುವುದು, ಮೂತ್ರ ಕಟ್ಟಿರುವುದು, ಮೂರು ದಿನದಿಂದ ಹೊಟ್ಟೆ ಖಾಲಿಯಾಗದಿರುವುದು, ಸೋಂಕು, ತಡೆಯಲಾಗದ ನೋವು, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ. ಆದ್ದರಿಂದ ನರ್ಸಿಗೆ "ತುಂಬಾ ಗಲಾಟೆ ಮಾಡ್ತಿದ್ದಾರೆ" ಅಂತ ಹೇಳಿದರೆ ಸಾಲದು. "ನಿನ್ನೆ ಸಂಜೆವರೆಗೆ ಸರಿ ಇದ್ದರು, ರಾತ್ರಿ 11ರಿಂದ ಹೀಗೆ" ಅಂತ ಹೇಳಿ.

ಇನ್ನೊಂದು ವಿಷಯವನ್ನು ನಮ್ಮ ಮನೆಗಳಲ್ಲಿ ಮುಚ್ಚಿಡುತ್ತಾರೆ. ಅಪ್ಪ ದಿನಾ ಕುಡಿಯುತ್ತಿದ್ದರೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಕೈನಡುಕ, ಬೆವರು, ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಇದರ ಚಿಕಿತ್ಸೆಯೇ ಬೇರೆ. ಅಡ್ಮಿಟ್ ಮಾಡುವಾಗಲೇ ಎಷ್ಟು ಕುಡಿಯುತ್ತಿದ್ದರು, ಕೊನೆಗೆ ಯಾವತ್ತು ಕುಡಿದರು ಅಂತ ಡಾಕ್ಟರಿಗೆ ಹೇಳಿ. ಅಮ್ಮನೆದುರು ಸಂಕೋಚವಾದರೆ ಕಾರಿಡಾರಿಗೆ ಬಂದಾದರೂ ಹೇಳಿ.

ಕಳೆದುಹೋಗುತ್ತದೆ ಅಂತ ಕನ್ನಡಕ, ಕಿವಿ ಮಿಷನ್ನು, ಹಲ್ಲುಸೆಟ್ಟು ಮನೆಯಲ್ಲೇ ಬಿಟ್ಟು ಬರುತ್ತೇವೆ. ಕಣ್ಣು ಕಾಣದೆ, ಕಿವಿ ಕೇಳದೆ ಇದ್ದರೆ ಗೊಂದಲ ಹೆಚ್ಚುತ್ತದೆ. ಹೆಸರು ಬರೆದ ಡಬ್ಬಿಯಲ್ಲಿ ತನ್ನಿ. ಹಗಲು ಕರ್ಟನ್ ಸರಿಸಿ, ರಾತ್ರಿ ಲೈಟು ಕಮ್ಮಿ ಮಾಡಿ. ದಿನಕ್ಕೊಬ್ಬ ನೆಂಟರನ್ನು ಕೂರಿಸುವುದಕ್ಕಿಂತ ಗುರುತಿನ ಇಬ್ಬರೇ ಸರದಿಯಲ್ಲಿ ಇರುವುದು ವಾಸಿ. "ಅಪ್ಪಾ, ಇವತ್ತು ಮಂಗಳವಾರ, ಆಸ್ಪತ್ರೇಲಿದ್ದೀರಿ, ನಾನಿಲ್ಲೇ ಇದ್ದೀನಿ" ಅಂತ ಮೆಲ್ಲಗೆ ಹೇಳಿ. ವಾದಿಸಬೇಡಿ. ಕೈ ಕಟ್ಟಿದರೆ ಗಾಬರಿ ಇನ್ನೂ ಏರುತ್ತದೆ. ಯೂರಿನ್ ಪೈಪು ಇನ್ನೂ ಬೇಕಾ ಅಂತ ರೌಂಡ್ಸಿಗೆ ಬಂದ ಡಾಕ್ಟರನ್ನು ದಿನಾ ಕೇಳಿ.

ಇವು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಡಾಕ್ಟರ್ ಶರೋನ್ ಇನೋಯೆ ತಂಡ 70 ದಾಟಿದ 852 ರೋಗಿಗಳಲ್ಲಿ ಇಂಥದೇ ಆರೈಕೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿತು. ಮಾಮೂಲಿ ವಾರ್ಡಿನಲ್ಲಿ ಶೇ. 15 ಮಂದಿಗೆ ಸನ್ನಿ ಬಂದರೆ, ಈ ಆರೈಕೆ ಸಿಕ್ಕವರಲ್ಲಿ ಶೇ. 9.9.

ಗಲಾಟೆಯಿಲ್ಲದ ಸನ್ನಿಯೂ ಇದೆ. ಅಪ್ಪ ಹಗಲೆಲ್ಲ ಮಂಪರಿನಲ್ಲಿದ್ದು, ಊಟ ಬೇಡವೆಂದು, ಕರೆದರೆ ತಡವಾಗಿ "ಹ್ಞೂಂ" ಅಂತಾರೆ. ಪಾಪ, ರೆಸ್ಟ್ ತಗೊಳ್ತಿದ್ದಾರೆ ಅಂತ ಬಿಡಬೇಡಿ, ಅದನ್ನೂ ಹೇಳಿ.

ಮನೆಗೆ ಬಂದ ಮೇಲೂ ಪೂರ್ತಿ ತಿಳಿಯಾಗಲು ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಡೆಲಿರಿಯಂ ಅಂತ ಬರೆಸಿಕೊಳ್ಳಿ. ಮುಂದಿನ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ಆ ಹಾಳೆ ತೋರಿಸಬೇಕು.