ಪುಕ್ಕಟೆ ಯೂನಿಟ್ಟಿನ ಗಣಿ ಧಣಿ

ಭಾನುವಾರ ಬೆಳಿಗ್ಗೆ ದೋಸೆಗೆ ಬಂದ ಅಕ್ಕನ ಮಗ, ಇನ್ನೂ ಚಟ್ನಿ ರುಬ್ಬೋ ಮೊದಲೇ ಕೇಳಿದ: "ಮಾವ, ನಿಮ್ಮ ಗೃಹಜ್ಯೋತಿಯಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಉಳಿಯುತ್ತೆ?"

ದುಡ್ಡು ಕೇಳಿದವರನ್ನು, ಸ್ಕೂಟರ್ ಕೇಳಿದವರನ್ನು ಕಂಡಿದ್ದೇನೆ. ಮಿಕ್ಕ ಯೂನಿಟ್ ಕೇಳಿದವನು ಇವನೇ ಮೊದಲು. 200 ಯೂನಿಟ್ ಪುಕ್ಕಟೆ ಅಂತ ಊರೆಲ್ಲ ಹೇಳುತ್ತೆ. ನಿಜವಾಗಿ ಸಿಗೋದು ಹಳೇ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ಇದು ಬಿಲ್ಲನ್ನು ಕೊನೇತನಕ ಓದುವ ನನ್ನಂಥ ಕೆಲಸವಿಲ್ಲದವರಿಗಷ್ಟೇ ಗೊತ್ತು. ನಮ್ಮ ಸರಾಸರಿ 110, ಪುಕ್ಕಟೆ 121. "ಹತ್ತು ಹನ್ನೆರಡು ಉಳಿಯಬಹುದು ಕಣೋ, ಯಾಕೆ?" ಅಂದೆ.

"ಮೈನಿಂಗ್‌ಗೆ" ಅಂದ.

ಕಂಪ್ಯೂಟರಿಗೆ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ಗಳಿಸೋ ಗಣಿಗಾರಿಕೆ. ಮತ್ತೆ ಶುರುವಾಯಿತು. 2021ರಲ್ಲಿ ಇವನು ಕಂಪ್ಯೂಟರ್ ಸಾಮಾನಿನ ಎಸ್‌ಪಿ ರೋಡಿಗೆ ಸುತ್ತಿದಷ್ಟು ಸಲ ಯಾರಾದರೂ ಚಿಕ್ಕಪೇಟೆಗೆ ಸುತ್ತಿದ್ದರೆ ಎರಡು ಮದುವೆಯ ಜವಳಿ ಮುಗಿಯುತ್ತಿತ್ತು. ಎಂಆರ್‌ಪಿಯ ಎರಡರಷ್ಟು ಕೊಟ್ಟು ಆರು 3060 ಗ್ರಾಫಿಕ್ಸ್ ಕಾರ್ಡ್ ತಂದ. ಪ್ರೊಸೆಸರ್ ಮಾತ್ರ ಇರೋದರಲ್ಲೇ ಅಗ್ಗದ್ದು. "ಇದಕ್ಕೆ ಬುದ್ಧಿ ಬೇಕಿಲ್ಲ ಮಾವ, ತಾಕತ್ತು ಸಾಕು" ಅಂದಿದ್ದ. ಯಂತ್ರದ ಬಗ್ಗೆ ಹೇಳಿದ್ದು ಅಂತ ಆಮೇಲೆ ತಿಳಿಯಿತು.

ಅಕ್ಕನ ಪಾತ್ರೆ ಸ್ಟ್ಯಾಂಡೇ ಯಂತ್ರದ ಚೌಕಟ್ಟು (ರಿಗ್) ಆಯಿತು. ಆರು ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸೋ ರೈಸರ್ ಕೇಬಲ್ಲಿಗೆ ನೇತುಹಾಕಿ, ರೈಸರ್‌ಗಳಿಗೆ ಸಾಟಾ ವೈರಿನಿಂದ ಕರೆಂಟು ಕೊಟ್ಟ. ಹಾರ್ಡ್ ಡಿಸ್ಕಿಗೆಂದು ಮಾಡಿದ ಆ ಕನೆಕ್ಟರ್ ತಡೆಯೋದು 54 ವ್ಯಾಟ್. ರೈಸರ್ 75ರವರೆಗೂ ಎಳೆಯಬಹುದು. ಮೂರನೇ ದಿನ ಸೀದ ವಾಸನೆ ಬಂತು. ಅಕ್ಕ ಒಗ್ಗರಣೆ ಹೊತ್ತಿತೆಂದು ಒಲೆ ಆರಿಸಿದಳು. ಅಡುಗೆಮನೆಯಲ್ಲಿ ಒಲೆಯೇ ಹಚ್ಚಿರಲಿಲ್ಲ ಅನ್ನೋದು ಆರಿಸಿದ ಮೇಲೆ ಹೊಳೆಯಿತಂತೆ.

ಹೊಸ ಪವರ್ ಸಪ್ಲೈ ಬಂತು. ಪರೀಕ್ಷಾಪರ್ವವೂ ಶುರುವಾಯಿತು. ಒಂದೊಂದೇ ಕಾರ್ಡ್, ಒಂದೊಂದು ದಿನ. 170 ವ್ಯಾಟ್ ಕುಡಿಯೋದನ್ನು 120ಕ್ಕೆ ಇಳಿಸೋದು, ಮೆಮೊರಿ ವೇಗ ಏರಿಸೋದು, ಹ್ಯಾಂಗ್ ಆದರೆ ಮತ್ತೆ ಇಳಿಸೋದು. ಕಾರ್ಡಿನ ಜ್ವರ ನೋಡೋಕೆ ರಾತ್ರಿ 2 ಗಂಟೆಗೆ ಅಲಾರಾಂ! ಭಾವನ ಬಿಪಿ ಎಷ್ಟು ಅಂತ ಇವತ್ತಿಗೂ ಇವನಿಗೆ ಗೊತ್ತಿಲ್ಲ. ಎಲ್ಲ ಮುಗಿಸಿ ಗೋಡೆ ಪ್ಲಗ್ಗಿನಲ್ಲಿ ಅಳೆದರೆ 850 ವ್ಯಾಟ್. ದಿನಕ್ಕೆ 20 ಯೂನಿಟ್, ತಿಂಗಳಿಗೆ 600 ಚಿಲ್ಲರೆ.

ಕಾರ್ಡ್ ಕಂಪನಿಯದು ಇನ್ನೊಂದು ಲೀಲೆ. ಮೈನಿಂಗ್‌ನವರೇ ಎಲ್ಲ ಬಾಚಿಕೊಂಡು ಆಟ ಆಡುವ ಹುಡುಗರಿಗೆ ಕಾರ್ಡೇ ಸಿಗುತ್ತಿಲ್ಲವೆಂದು ಎನ್ವಿಡಿಯಾ 2021ರ ಫೆಬ್ರವರಿಯಲ್ಲಿ ಇದೇ 3060ಗೆ ಬೀಗ ಜಡಿಯಿತು: ಎಥೀರಿಯಂ ಎಂಬ ನಾಣ್ಯ ಅಗೆದರೆ ಅರ್ಧ ವೇಗ. ಮುಂದಿನ ತಿಂಗಳೇ ಅದರದೇ ಒಂದು ಡ್ರೈವರ್ ಸಾಫ್ಟ್‌ವೇರ್ ಬೀಗ ತೆಗೆದು ಹೊರಬಂತು. ಕಣ್ತಪ್ಪಂತೆ. ಇರಲಿ, ದೊಡ್ಡವರ ಮನೆ ವಿಷಯ.

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗನ್ನೇ ಕೈಬಿಟ್ಟಿತು. ಆ ನಾಣ್ಯದ ಕಂಪ್ಯೂಟರ್ ಜಾಲ ಉರಿಸುತ್ತಿದ್ದ ಕರೆಂಟಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಒಂದೇ ದಿನಕ್ಕೆ ಇಳಿಯಿತು, ಜಾಲ ಮೊದಲಿನಂತೆಯೇ ನಡೆಯಿತು. ಅಂದರೆ ಅಕ್ಕ ಕಟ್ಟಿದ ಬಿಲ್ಲು ಯಾರ ಶ್ರಾದ್ಧಕ್ಕೆ? ಕಾರ್ಡುಗಳು "ಗೇಮಿಂಗ್‌ಗೆ ಮಾತ್ರ ಬಳಸಿದ್ದು" ಎಂಬ ಹಣೆಪಟ್ಟಿಯೊಂದಿಗೆ ಯಾರದೋ ಮನೆ ಸೇರಿದವು.

ನಮ್ಮ ನಾಡಿನಲ್ಲಿ ಗಣಿಗೂ ಕರೆಂಟಿಗೂ ಋಣಾನುಬಂಧ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ನೇರ ಕೆಜಿಎಫ್‌ಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ಜನ. ಸಂಪ್ರದಾಯ ಅಂದರೆ ಇದು. ಆದರೆ ಆ ಕಾಲದ ದೊರೆಗಳು ಮೂರು ಕಿಲೋಮೀಟರ್ ಆಳ ಇಳಿಸಿ ಜನರ ಶ್ವಾಸಕೋಶ ತಿಂದರೂ ಮೇಲೆ ಬಂದದ್ದು ಚಿನ್ನ, ಬಳೆ ಮಾಡಿಸಬಹುದಿತ್ತು. ನಮ್ಮ ಹುಡುಗ ಅಗೆಯೋದು ಒಂದು ಸಂಖ್ಯೆಯನ್ನು. ಯಂತ್ರ ಊಹಿಸುತ್ತೆ, ತಪ್ಪಾಗುತ್ತೆ, ಎಸೆಯುತ್ತೆ, ಮತ್ತೆ ಊಹಿಸುತ್ತೆ. ಮೊದಲು ಸರಿಯಾಗಿ ಊಹಿಸಿದವರಿಗೆ ನಾಣ್ಯ.

ಇದಕ್ಕೆ ಸರ್ಕಾರದ ಆಶೀರ್ವಾದ ನೋಡಿ. ಈ ನಾಣ್ಯಗಳ ವ್ಯವಹಾರವನ್ನು ಬ್ಯಾಂಕುಗಳು ಮುಟ್ಟಬಾರದೆಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಅಂದಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, 2022ರ ಬಜೆಟ್ ಶೇ 30 ತೆರಿಗೆ ಹಾಕಿತು. ಲಾಟರಿಗೂ ಕುದುರೆ ಬಾಲಕ್ಕೂ ಅಷ್ಟೇ ದರ. ಒಂದು ನಾಣ್ಯದಲ್ಲಿ ಕಳೆದದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಯಂತ್ರೋಪಕರಣದ ಖರ್ಚನ್ನೂ ತೋರಿಸುವಂತಿಲ್ಲ ಅಂತ ಸಂಸತ್ತಿನಲ್ಲೇ ಉತ್ತರ ಬಂತು. ನಷ್ಟ ಪೂರ್ತಿ ನಿಮ್ಮದು, ಲಾಭದಲ್ಲಿ ನಾವೂ ನೆಂಟರು. ಎಂಥ ಆತ್ಮೀಯತೆ!

ಸರಿಯೆಂದರೆ ಸರಿ ಅನ್ನಿ, ತಪ್ಪೆಂದರೆ ನಿಲ್ಲಿಸಿ. ಇಷ್ಟು ವರ್ಷವಾದರೂ ಎರಡೂ ಹೇಳದೆ ಕೈ ಮಾತ್ರ ಚಾಚುತ್ತೀರಿ. 2023ರ ಬರದಲ್ಲಿ ಇದೇ ರಾಜ್ಯದ ಪಂಪ್‌ಸೆಟ್ಟುಗಳಿಗೆ ಏಳು ಗಂಟೆ ತ್ರೀ ಫೇಸ್ ಕೊಡಲಾಗದೆ ಐದಕ್ಕೆ ಇಳಿಸಿದಿರಿ. ನಡುರಾತ್ರಿ ಟಾರ್ಚ್ ಹಿಡಿದು, ಹಾವು ತುಳಿದೇನೋ ಅಂತ ಹೆದರಿಕೊಂಡು ಮೋಟರ್ ಹಾಕೋಕೆ ಹೋದವರಿದ್ದಾರೆ. ಅವರು ಅಗೆದದ್ದಕ್ಕೆ ಬೆಲೆಯೇ ಸಿಗಲ್ಲ, ಬಿಡಿ. ಬರೆದೂ ಬರೆದೂ ಸಾಕಾಗಿದೆ.

ಈ ಸಲ ಹುಡುಗ ತಂದಿರೋದು ಅಂಗೈಯಗಲದ ಯಂತ್ರ. 17 ವ್ಯಾಟ್, ತಿಂಗಳಿಗೆ 12 ಯೂನಿಟ್. ಹತ್ತು ನಿಮಿಷಕ್ಕೊಮ್ಮೆ ಜಗತ್ತಿನಲ್ಲಿ ಯಾರಿಗೋ ಹೊಡೆಯುವ 3.125 ಬಿಟ್‌ಕಾಯಿನ್ ಒಂದು ದಿನ ಇದಕ್ಕೇ ಹೊಡೆಯುತ್ತಂತೆ. ಸೆಕೆಂಡಿಗೆ ಲಕ್ಷ ಕೋಟಿ ಸಲ ಊಹಿಸುವ (ಒಂದು ಟೆರಾಹ್ಯಾಷ್) ಯಂತ್ರಕ್ಕೆ ಈಗಿನ ಪೈಪೋಟಿಯಲ್ಲಿ ಎಷ್ಟು ದಿನ ಬೇಕೆಂದು ಹಾಲಿನ ಲೆಕ್ಕದ ಚೀಟಿ ಹಿಂದೆ ಗೀಚಿದೆ. ಸುಮಾರು 19 ಸಾವಿರ ವರ್ಷ.

"ಅದು ಸರಾಸರಿ ಮಾವ. ಇವತ್ತೇ ಬಂದರೂ ಬರಬಹುದು" ಅಂತ ಅಡುಗೆಮನೆ ಕಟ್ಟೆಯ ಮೇಲೆ ಪ್ಲಗ್ ಹಾಕಿಯೇಬಿಟ್ಟ. ಪುಟ್ಟ ಫ್ಯಾನು ಗುಂಯ್ ಅಂದಿತು.

ನನ್ನಾಕೆ ಬಂದು, ಅದನ್ನು ಕಿತ್ತು, ಮಿಕ್ಸಿ ಹಾಕಿದಳು.

"ಅತ್ತೇ!" ಅಂದ ಹುಡುಗ, ಮುಖ ಬಿಳಿಚಿಕೊಂಡು. "ಈ ಎರಡು ನಿಮಿಷದಲ್ಲೇ ಬಂದುಬಿಟ್ಟಿದ್ದರೆ?"

"ಚಟ್ನಿ ಬೇಕೋ ಬೇಡವೋ?" ಅಂದಳು ಅವಳು.