ಮಳೆ ನಂಬಿದ ಹೊಲಕ್ಕೂ ಅಡಿಕೆ ಬೇಕಾ?

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಹೋಗುವವರು ಭರಮಸಾಗರ ಬಂದಾಗ ಸ್ವಲ್ಪ ಕಿಟಕಿ ಆಚೆ ನೋಡಿ. ಮೆಕ್ಕೆಜೋಳ, ಶೇಂಗಾ, ಹತ್ತಿ, ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಅಡಿಕೆ ಸಸಿ ನಿಂತಿವೆ. ಈ ಸೀಮೆಯ ಹೋಟೆಲ್ ಕಟ್ಟೆಗಳಲ್ಲಿ ರಾಜಕೀಯ ಬಿಟ್ಟರೆ ಜಾಸ್ತಿ ಜಗಳ ನಡೆಯೋದು ಇದರ ಮೇಲೆಯೇ. ಪಕ್ಕಪಕ್ಕದ ಹೊಲದ ಇಬ್ಬರ ಮಾತು ಇಲ್ಲಿದೆ. ಒಬ್ಬರು ತೋಟ ಮಾಡಿದವರು, ಇನ್ನೊಬ್ಬರು ಮಾಡದೆ ಉಳಿದವರು.

ಪರ: ಹಾಕಲಿ ಬಿಡಿ, ಮೆಕ್ಕೆಜೋಳ ನಂಬಿ ಉದ್ಧಾರ ಆದವರು ಯಾರಿದ್ದಾರೆ?

ಅಡಿಕೆ ಬೇಡ ಅನ್ನೋರಿಗೆ ನನ್ನದು ಒಂದೇ ಪ್ರಶ್ನೆ. ಮತ್ತೇನು ಹಾಕಲಿ?

ಮೆಕ್ಕೆಜೋಳ ಅಂತೀರಾ. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ ಹದಿನೈದೋ ಇಪ್ಪತ್ತೋ ಕ್ವಿಂಟಲ್ ಬರುತ್ತದೆ. ಬೀಜ, ಗೊಬ್ಬರ, ಎಡೆಕುಂಟೆ, ಕಳೆ, ಔಷಧಿ, ಮುರಿಯೋ ಕೂಲಿ, ಮಷಿನ್ ಬಾಡಿಗೆ ಎಲ್ಲ ಕಳೆದು ನೋಡಿ, ಕೈಯಲ್ಲಿ ಉಳಿದದ್ದು ಒಂದು ಮದುವೆಗೆ ಉಡುಗೊರೆ ಕೊಡೋಕೂ ಸಾಲಲ್ಲ. 2018ರಿಂದ ಈಚೆಗೆ ಸೈನಿಕ ಹುಳು ಬೇರೆ ಗಂಟು ಬಿದ್ದಿದೆ. ಬೆಳಿಗ್ಗೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿದರೆ ಒಳಗೆಲ್ಲ ಒದ್ದೆ ಹಿಕ್ಕೆ, ಅದರ ಅಡಿಯಲ್ಲಿ ಹುಳು ಆರಾಮಾಗಿ ಮಲಗಿರುತ್ತದೆ. ಅಷ್ಟು ಕಾಟ ಪಟ್ಟು ಬೆಳೆದು ರಸ್ತೆ ಮೇಲೆ ಒಣಹಾಕಿ, ಮೋಡ ಕಂಡಾಗಲೆಲ್ಲ ತಾಡಪಾಲು ಹಿಡಿದು ಓಡಿ, ಕೊನೆಗೆ ದಾವಣಗೆರೆಗೆ ತಗೊಂಡು ಹೋದರೆ ಖರೀದಿದಾರ ಒಂದು ಹಿಡಿ ಕಾಳು ತೆಗೆದು ನೋಡಿ ತೇವ ಜಾಸ್ತಿ ಅಂತಾನೆ. 2025-26ಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆಗೆ ಕೊಳ್ಳೋರು ಸಿಗದೆ ಅದೇ ವರ್ಷ ನವೆಂಬರ್‌ನಲ್ಲಿ ರೈತರು ರಸ್ತೆಗೆ ಇಳಿದದ್ದು ಎಲ್ಲರಿಗೂ ಗೊತ್ತು.

ಅಡಿಕೆಗೆ ಬನ್ನಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಐನೂರು ಚಿಲ್ಲರೆ ಗಿಡ ಹಿಡಿಯುತ್ತದೆ. ಚೆನ್ನಾಗಿ ನೋಡಿಕೊಂಡ ತೋಟ ಎಂಟು-ಹತ್ತು ಕ್ವಿಂಟಲ್ ಒಣ ಅಡಿಕೆ ಕೊಡುತ್ತದೆ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಕ್ವಿಂಟಲ್‌ಗೆ ಐವತ್ತು ಸಾವಿರದ ಆಸುಪಾಸಿನಲ್ಲಿ ಆಡುತ್ತಿದೆ. ಗುಣಾಕಾರ ನೀವೇ ಮಾಡಿಕೊಳ್ಳಿ. ಅದಕ್ಕಿಂತ ದೊಡ್ಡ ವಿಷಯ, ಅಡಿಕೆ ಇಟ್ಟುಕೊಳ್ಳಬಹುದು. ಒಣಗಿಸಿ ಚೀಲ ಕಟ್ಟಿಟ್ಟರೆ ಬ್ಯಾಂಕಿನಲ್ಲಿ ದುಡ್ಡು ಇಟ್ಟ ಹಾಗೆ. ಮಗಳ ಫೀಸು ಬಂತು, ಎರಡು ಚೀಲ ಭೀಮಸಮುದ್ರದ ಮಂಡಿಗೆ ಕಳಿಸಿದೆ, ಕೆಲಸ ಆಯ್ತು. ಮೆಕ್ಕೆಜೋಳವನ್ನು ಹಾಗೆ ಇಡೋಕೆ ಹೋಗಿ, ಹುಳ ಹಿಡಿದು ಹಿಟ್ಟಾಗುತ್ತದೆ. ಅದಕ್ಕೇ ಹೇಳಿದ ಬೆಲೆಗೆ ಕೊಟ್ಟು ಬರಬೇಕು.

ಮಲೆನಾಡಿನವರ ಬೆಳೆ ನಮಗ್ಯಾಕೆ ಅಂತ ಕೆಲವರು ಉಪದೇಶ ಮಾಡುತ್ತಾರೆ. ಭೀಮಸಮುದ್ರ ಮಲೆನಾಡಾ? ಅಲ್ಲಿ ನಮ್ಮ ತಾತಂದಿರ ಕಾಲದಿಂದ ಅಡಿಕೆ ಮಂಡಿ ಇವೆ. ಚನ್ನಗಿರಿ ಕಡೆ ಹೋಗಿ ನೋಡಿ. ತುಮ್ಕೋಸ್‌ನಂಥ ಸಹಕಾರ ಸಂಘ ಕಟ್ಟಿಕೊಂಡು ಆ ತಾಲ್ಲೂಕಿನ ಜನ ಅಡಿಕೆ ದುಡ್ಡಿನಲ್ಲೇ ಮಕ್ಕಳನ್ನು ಓದಿಸಿದ್ದಾರೆ, ಮನೆ ಕಟ್ಟಿದ್ದಾರೆ. ಅವರು ಮಾಡಿದರೆ ಬುದ್ಧಿವಂತಿಕೆ, ನಾವು ಮಾಡಿದರೆ ದುರಾಸೆ. ಇದು ಯಾವ ನ್ಯಾಯ?

ಇನ್ನು ಆಳಿನ ಮಾತು. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸೋ ಮುಯ್ಯಾಳು ಪದ್ಧತಿ ಹೋಯ್ತು ಅಂತ ಅಳೋರು ಒಂದು ದಿನ ನಮ್ಮ ಹೊಲಕ್ಕೆ ಬಂದು ಕಳೆ ಕೀಳಲಿ. ಹುಡುಗರು ಬೆಂಗಳೂರಿನಲ್ಲಿದ್ದಾರೆ. ಊರಲ್ಲಿ ಇರೋರು ಅರವತ್ತು ದಾಟಿದ ನಮ್ಮಂಥವರು. ತೋಟಕ್ಕಾದರೆ ಡ್ರಿಪ್ ಹಾಕಿ ಗೇಟ್‌ವಾಲ್ ತಿರುಗಿಸಿದರೆ ನೀರಿನ ಕೆಲಸ ಮುಗಿಯುತ್ತದೆ. ಕೊಯ್ಲು ಕಷ್ಟ ಅನಿಸಿದರೆ ಫಸಲನ್ನು ಮರದ ಮೇಲೇ ಗುತ್ತಿಗೆಗೆ, ಅಂದರೆ ಖೇಣಿ, ಕೊಟ್ಟರಾಯಿತು, ಖೇಣಿದಾರ ಬಂದು ಗೊನೆ ನೋಡಿ ಮುಂಗಡ ಕೊಟ್ಟು ಹೋಗುತ್ತಾನೆ. ಅಡಿಕೆ ಸುಲಿಯೋ ಕಾಲದಲ್ಲಿ ಹೆಂಗಸರಿಗೆ ನೆರಳಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆ. ಬಿಸಿಲಲ್ಲಿ ಬಗ್ಗಿ ಶೇಂಗಾ ಕೀಳೋದಕ್ಕಿಂತ ಅದು ಮೇಲು ಅಂತ ಅವರೇ ಹೇಳುತ್ತಾರೆ.

ಬಾಯಿಬಿಟ್ಟು ಯಾರೂ ಹೇಳದ ಇನ್ನೊಂದು ಮಾತಿದೆ. ಹೆಣ್ಣು ಕೇಳೋಕೆ ಹೋದರೆ ಹುಡುಗ ಏನು ಓದಿದಾನೆ ಅಂತ ಕೇಳಿ, ಮುಂದಿನ ಪ್ರಶ್ನೆ ‘ತೋಟ ಎಷ್ಟಿದೆ?’ ಹತ್ತು ಎಕರೆ ಹೊಲ ಇದೆ ಅಂದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಎರಡು ಎಕರೆ ತೋಟ ಅಂದರೆ ಮಾತು ಮುಂದುವರಿಯುತ್ತದೆ.

ನೀರು ಎಲ್ಲಿದೆ ಅಂತ ಕೇಳುತ್ತೀರಿ. ತುಂಗಭದ್ರೆಯಿಂದ ಪೈಪಿನಲ್ಲಿ ನೀರು ತಂದು 2021ರಲ್ಲಿ ಭರಮಸಾಗರ ಕೆರೆ ತುಂಬಿಸಿದರು. ಜಗಳೂರಿಗೆ 57 ಕೆರೆ ತುಂಬಿಸೋ ಯೋಜನೆ ಬಂತು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲೂ ಬಿತ್ತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಕುಂಟುತ್ತಾ ಬಂದರೂ ಬರುತ್ತಿದೆ. ಇಷ್ಟು ವರ್ಷ ಧರಣಿ ಕೂತು, ಬಂದ್ ಮಾಡಿ ನೀರು ತರಿಸಿಕೊಂಡದ್ದು ಕೆರೆ ಏರಿ ಮೇಲೆ ನಿಂತು ಫೋಟೋ ಹೊಡೆಸಿಕೊಳ್ಳೋಕಾ? ನೀರು ಬಂದ ಮೇಲೂ ಬಡವರ ಬೆಳೆಯನ್ನೇ ಬೆಳೀರಿ ಅಂದರೆ ಯಾರು ಕೇಳುತ್ತಾರೆ?

ಅಡಿಕೆ ತಿಂದರೆ ಕ್ಯಾನ್ಸರ್ ಅನ್ನೋ ವಾದಕ್ಕೆ ನಾನು ಹೋಗಲ್ಲ. ಪೂಜೆಗೂ ಬೇಕು, ಶಾಸ್ತ್ರಕ್ಕೂ ಬೇಕು, ಸರ್ಕಾರಕ್ಕೆ ತೆರಿಗೆಯೂ ಬೇಕು. ನಿಲ್ಲಿಸೋದಾದರೆ ಗುಟ್ಕಾ ಕಾರ್ಖಾನೆ ನಿಲ್ಲಿಸಲಿ, ನನ್ನ ಎರಡು ಎಕರೆ ಯಾಕೆ ಅಡ್ಡ?

ವಿರೋಧ: ಗಿಡ ನಿಮ್ಮದು ಅಣ್ಣ, ನೀರು ಯಾರದು?

ಅಣ್ಣ ಬರೆದದ್ದನ್ನು ಪೂರ್ತಿ ಓದಿದೆ. ಮೆಕ್ಕೆಜೋಳದ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅದನ್ನು ಸಮರ್ಥನೆ ಮಾಡೋಕೆ ನಾನು ಕೂತಿಲ್ಲ, ನನ್ನ ಹೊಲದ ಸುಳಿಯಲ್ಲೂ ಅದೇ ಹುಳು ಇದೆ. ಹೆಣ್ಣಿನ ಮಾತೂ ನಿಜ. ಆದರೆ ಗುಣಾಕಾರ ನೀವೇ ಮಾಡಿಕೊಳ್ಳಿ ಅಂದರಲ್ಲ, ನಾನು ಇನ್ನೊಂದು ಗುಣಾಕಾರ ಮಾಡಿದೆ.

ಬೇಸಿಗೆಯಲ್ಲಿ ಒಂದು ಅಡಿಕೆ ಗಿಡಕ್ಕೆ ಡ್ರಿಪ್‌ನಲ್ಲೇ ಕೊಟ್ಟರೂ ದಿನಕ್ಕೆ ಹದಿನೈದು ಲೀಟರ್ ಬೇಕು. ಐನೂರು ಗಿಡಕ್ಕೆ 7,500 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಟ್ಯಾಂಕರ್, ತಿಂಗಳಿಗೆ 45. ಇದು ಒಂದು ಎಕರೆಗೆ. ನಮ್ಮ ಹಳ್ಳದ ಎರಡೂ ದಂಡೆಯಲ್ಲಿ ಈಗ ಎಷ್ಟು ಎಕರೆ ಸಸಿ ನಿಂತಿದೆ ಅಂತ ಅಣ್ಣನಿಗೂ ಗೊತ್ತು. ಮಳೆ ಬಂದ ವರ್ಷ ಇದು ಯಾರ ಕಣ್ಣಿಗೂ ಬೀಳಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತಲ್ಲ, ಅದರ ಮುಂದಿನ ಬೇಸಿಗೆ ನೆನಪು ಮಾಡಿಕೊಳ್ಳಿ. ಮಾರ್ಚ್ ಹೊತ್ತಿಗೆ ಬೋರ್‌ಗಳು ಒಂದೊಂದಾಗಿ ಗಾಳಿ ಬಿಡೋಕೆ ಶುರು ಮಾಡಿದವು. ಹಿಂಗಾರ ಒಣಗಿತು, ಹರಳು ಅಂದರೆ ಎಳೆ ಅಡಿಕೆ ಉದುರಿ ಬುಡದಲ್ಲಿ ರಾಶಿ ಬಿತ್ತು. ರಾತ್ರಿ-ಹಗಲು ಟ್ಯಾಂಕರ್ ಓಡಿದವು.

ಆ ಟ್ಯಾಂಕರ್ ನೀರು ಎಲ್ಲಿಂದ ಬಂತು ಅನ್ನೋದೇ ನನ್ನ ಜಗಳ. ಮೋಡದಿಂದ ಬರಲಿಲ್ಲ. ಇನ್ನೊಬ್ಬರ ಬೋರಿನಿಂದ ಬಂತು. ನೀರಿದ್ದವನು ಬೆಳೆ ಬಿಟ್ಟು ನೀರನ್ನೇ ಮಾರೋಕೆ ನಿಂತ. ಅವನು ಹಗಲು-ರಾತ್ರಿ ಮೋಟರ್ ಓಡಿಸಿದ್ದಕ್ಕೆ ಪಕ್ಕದವನ ಬೋರ್ ಬತ್ತಿತು. ಪಕ್ಕದವನು ಸಾಲ ಮಾಡಿ ಸಾವಿರ ಅಡಿ ಕೊರೆಸಿದ. ಅದರ ಆಚೆ ಊರಿಗೆ ಕುಡಿಯೋ ನೀರಿನ ಬೋರ್ ಇತ್ತು, ಅದು ನಿಂತಿತು. ಆಮೇಲೆ ಊರಿಗೂ ಟ್ಯಾಂಕರ್. ಕೊಡ ಸಾಲಲ್ಲಿ ಇಟ್ಟು ಕಾಯುತ್ತಿದ್ದವರಲ್ಲಿ ತೋಟ ಇದ್ದವರ ಮನೆಯವರೂ ಇದ್ದರು, ಒಂದು ಗುಂಟೆ ನೆಲ ಇಲ್ಲದವರೂ ಇದ್ದರು. ಎರಡು ಎಕರೆ ತೋಟ ನೋಡಿ ಹೆಣ್ಣು ಕೊಟ್ಟವರು ಆ ಏಪ್ರಿಲ್‌ನಲ್ಲಿ ಬಂದು ಮಗಳನ್ನು ನೋಡಬೇಕಿತ್ತು.

ಕೆರೆ ತುಂಬಿಸಿದ್ದು ಯಾಕೆ ಅಂತ ಅಣ್ಣ ಕೇಳಿದ್ದಾರೆ. ಕೆರೆಯಲ್ಲಿ ನೀರು ನಿಂತು ಇಂಗಿ, ಸುತ್ತಲಿನ ಎಲ್ಲರ ಬಾವಿ-ಬೋರಿಗೆ ಬರಲಿ, ಜನಕ್ಕೆ ದನಕ್ಕೆ ಕುಡಿಯೋಕೆ ಸಿಗಲಿ ಅಂತ. ಮಣ್ಣು ನುಂಗಿ ನಿಧಾನಕ್ಕೆ ಹಂಚಬೇಕಾದದ್ದನ್ನು ಕೆರೆ ಅಂಗಳದಲ್ಲೇ ಮೋಟರ್ ಇಟ್ಟು ಮೈಲಿಗಟ್ಟಲೆ ಪೈಪ್ ಎಳೆದು ತೋಟಕ್ಕೆ ಹಾಯಿಸಿದರೆ, ಅಷ್ಟು ಕರೆಂಟ್ ಸುಟ್ಟು ನದಿಯಿಂದ ನೀರೆತ್ತಿದ್ದು ಯಾರಿಗಾಗಿ ಆಯ್ತು? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಈ ಬರದ ಸೀಮೆಯಲ್ಲಿ ಊರವರಿಂದ ಕೆರೆ ಕಟ್ಟಿಸಿದರು ಅಂತ ಈಗಲೂ ಭಕ್ತಿಯಿಂದ ಹೇಳುತ್ತೇವೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನೋ ಅವರ ಮಾತನ್ನು ಆಟೋ ಹಿಂದೆ ಬರೆಸುತ್ತೇವೆ. ಜಾತ್ರೆಗೆ ಹೋಗಿ ಕೊಬ್ಬರಿ ಸುಟ್ಟು ಬಂದವರೇ ಮಾರನೇ ದಿನ ಕೆರೆಗೆ ಮೋಟರ್ ಇಳಿಸುತ್ತಾರೆ. ಹೇಳಿದರೆ ನಿಷ್ಠುರ, ಇರಲಿ.

ವಾಣಿವಿಲಾಸ ಸಾಗರದ ಲೆಕ್ಕವನ್ನೂ ಸರಿಯಾಗಿ ಓದಿ. 1933 ಆದ ಮೇಲೆ 2022. ನಡುವೆ 89 ವರ್ಷ. ಈ ಸೀಮೆಗೆ ಮಳೆ ಬರೋದು ಹಾಗೆ ಅಂತ ಆ ಕೋಡಿಯೇ ಹೇಳುತ್ತಿದೆ, ಅದನ್ನೇ ತೋಟಕ್ಕೆ ಧೈರ್ಯ ಅಂದುಕೊಂಡರೆ ಹೇಗೆ?

ಆಳಿನ ಮಾತಿಗೆ ಬರ್ತೀನಿ, ಅದರ ಜೊತೆಗೇ ದನ-ಕುರಿ ಮಾತಿಗೆ. ಅಡಿಕೆ ಹಾಕಿದ ಮೊದಲ ದಿನವೇ ಏನು ಮಾಡುತ್ತಾರೆ? ಸುತ್ತ ಕಲ್ಲು ಕಂಬ ನೆಟ್ಟು ತಂತಿ ಬೇಲಿ ಎಳೆಯುತ್ತಾರೆ. ಒಕ್ಕಣೆ ಆದ ಮೇಲೆ ಈ ಊರಿನ ಹೊಲಗಳು ಯುಗಾದಿ ದಾಟಿ ಮುಂಗಾರು ಬರೋ ತನಕ ಎಲ್ಲರ ದನಕ್ಕೂ ಬಯಲಾಗಿದ್ದವು. ಕುರಿಯವರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಹೊಲದಲ್ಲಿ ಎರಡು ರಾತ್ರಿ ನಿಲ್ಲಿಸಿ ಅಂತ ಕರೆದು, ಕಾಳೋ ದುಡ್ಡೋ ಕೊಟ್ಟು, ರಾತ್ರಿ ಊಟಕ್ಕೆ ರೊಟ್ಟಿ ಕಳಿಸುತ್ತಿದ್ದೆವು. ಬೆಳಿಗ್ಗೆ ನೋಡಿದರೆ ನೆಲದ ತುಂಬ ಹಿಕ್ಕೆ, ಒಂದು ಮಳೆ ಬಿದ್ದರೆ ಅದರಷ್ಟು ಗೊಬ್ಬರ ಯಾವ ಚೀಲದಲ್ಲೂ ಬರಲ್ಲ. ಈಗ ಕುರಿಯವರು ಹೆದ್ದಾರಿ ಪಕ್ಕದಲ್ಲಿ ಮೇಯಿಸುತ್ತಾರೆ, ಲಾರಿಗೆ ಸಿಕ್ಕ ಕುರಿಗೆ ಅವರೇ ಹೊಣೆ. ಮೊದಲು ಗಾಡಿ ಹೋಗುತ್ತಿದ್ದ ಎಷ್ಟೋ ದಾರಿಗಳಿಗೂ ಬೇಲಿ ಬಿದ್ದು ಅಣ್ಣತಮ್ಮಂದಿರು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದಾರೆ.

ಮೇವು ಎಲ್ಲಿಂದ ಬರಬೇಕು? ಮೆಕ್ಕೆಜೋಳದಿಂದ ದುಡ್ಡು ಬರದೇ ಇದ್ದರೂ ಸಪ್ಪೆ ಬರುತ್ತಿತ್ತು. ಶೇಂಗಾ ಕಿತ್ತರೆ ಹೊಟ್ಟು, ರಾಗಿ ಕೊಯ್ದರೆ ಹುಲ್ಲು. ಅದನ್ನು ತಿಂದೇ ಎರಡು ಎಮ್ಮೆ ಡೇರಿಗೆ ಹಾಲು ಕೊಡುತ್ತಿದ್ದವು, ಆ ದುಡ್ಡು ನೇರ ಹೆಂಗಸರ ಕೈಗೆ ಹೋಗುತ್ತಿತ್ತು. ಅಡಿಕೆ ಮರ ದನಕ್ಕೆ ಏನು ಕೊಡುತ್ತದೆ ಹೇಳಿ, ಹಾಳೆ ಬಿಟ್ಟರೆ? ನೆರಳಲ್ಲಿ ಸುಲಿಯೋ ಕೆಲಸವೂ ವರ್ಷಕ್ಕೆ ಕೆಲವೇ ವಾರ, ಅದಕ್ಕೂ ಈಗ ಸುಲಿಯೋ ಮಷಿನ್ ಬಂದಿದೆ. ಕಳೆಗೆ ಔಷಧಿ ಹೊಡೆಯುತ್ತಾರೆ. ಹೊಲದ ಕೂಲಿಯನ್ನೇ ನಂಬಿದ್ದ ಕಾಲೋನಿಯ ಹೆಂಗಸರು ಬೆಳಿಗ್ಗೆ ಆಟೋದಲ್ಲಿ ಮೂವತ್ತು ಮೈಲಿ ದೂರದ ಊರಿಗೆ ಹೋಗುತ್ತಿದ್ದಾರೆ. ಸೀಗೆ ಹುಣ್ಣಿಮೆಗೆ ಭೂಮಿಗೆ ಎಡೆ ಎರಚೋ ಚರಗವನ್ನು ತೋಟದಲ್ಲೂ ಮಾಡಬಹುದು ಅನ್ನಿ. ಮಾಡ್ತಾರೆ, ಗೇಟಿಗೆ ಬೀಗ ಹಾಕಿಕೊಂಡು.

ಬೆಲೆ ವಿಚಾರ ಸುಮ್ನೆ ಎರಡು ಮಾತು. ಅಡಿಕೆ ಬೆಲೆ ನಿಂತಿರೋದು ಹೊರದೇಶದ ಮಾಲಿಗೆ ಹಾಕಿರೋ ತಡೆ ಮೇಲೆ. 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದರು, ಒಳ್ಳೆಯದಾಯಿತು. ಅದರ ಹಿಂದಿನ ವರ್ಷವೇ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬಾಗಿಲು ತೆರೆದಿದ್ದರು. ದೆಹಲಿಯ ಒಂದು ಸಹಿ ಸಾಕು. ಅಡಿಕೆಗೆ ಕ್ಯಾನ್ಸರ್ ಕಾರಕ ಅನ್ನೋ ಹಣೆಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕಟ್ಟಿದೆ. ಅಣ್ಣ ಆ ವಾದಕ್ಕೆ ಹೋಗಲ್ಲ ಅಂದರು, ಆದರೆ ವಾದ ತಾನಾಗಿ ನಮ್ಮ ಹತ್ತಿರ ಬರುತ್ತದೆ. ಮೆಕ್ಕೆಜೋಳ ಕೈಕೊಟ್ಟರೆ ಮುಂದಿನ ಜೂನ್‌ಗೆ ಬೇರೆ ಬೀಜ ಬಿತ್ತಬಹುದು. ಆರು ವರ್ಷ ಸಾಕಿದ ಐನೂರು ಮರ ಕಡಿಯೋಕೆ ಯಾರಿಗೆ ಕೈ ಬರುತ್ತದೆ? ಈಗ ನಾಟಿ ಆಗಿರೋದೆಲ್ಲ ಒಟ್ಟಿಗೆ ಫಸಲಿಗೆ ಬಂದಾಗ ಐವತ್ತು ಸಾವಿರ ನಿಲ್ಲುತ್ತದಾ, ಅದೂ ಇದೆ.

ಹಾಗಾದರೆ ಏನು ಹಾಕಲಿ ಅಂತ ಕೇಳಿದಿರಿ. ಸಿರಿಧಾನ್ಯ ಬೆಳೀರಿ ಅಂತ ಭಾಷಣ ಮಾಡೋಕೆ ನನಗೆ ಬರಲ್ಲ. ಹೊಸದುರ್ಗದ ಕಡೆ ಸಾವೆ, ನವಣೆ ಬೆಳೆಯೋರು ಬೆಲೆಗೆ ಎಷ್ಟು ಪರದಾಡುತ್ತಾರೆ ಅಂತ ನೋಡಿದ್ದೇನೆ. ನಾನು ಶೇಂಗಾ ಜೊತೆ ತೊಗರಿ ಸಾಲು ಹಾಕುತ್ತೇನೆ, ಇಪ್ಪತ್ತು ಕುರಿ ಸಾಕಿದ್ದೇನೆ. ಶ್ರೀಮಂತ ಆಗಿಲ್ಲ, ಬೋರಿನ ಸಾಲವೂ ಇಲ್ಲ. ಕೆರೆ ಕೆಳಗಿನ ಗೋಡು ಮಣ್ಣಿನಲ್ಲಿ ಒಂದು ಎಕರೆ ಅಡಿಕೆ ಹಾಕೋರನ್ನು ನಾನು ತಡೆಯಲ್ಲ, ಅಲ್ಲಿ ತೋಟ ಹಿಂದೆಯೂ ಇತ್ತು. ಗುಡ್ಡದ ಇಳಿಜಾರಿನ ಕೆಮ್ಮಣ್ಣಿಗೆ, ಟ್ಯಾಂಕರ್ ನಂಬಿ, ಐದು ಎಕರೆ ಹಾಕೋರ ಜೊತೆ ಮಾತ್ರ ನನ್ನ ತಕರಾರು.

ಮುಂದಿನ ಗ್ರಾಮಸಭೆಯಲ್ಲಿ ಎರಡು ವಿಷಯ ಎತ್ತುತ್ತೇನೆ. ಕೆರೆ ಅಂಗಳದಲ್ಲಿ ಮೋಟರ್ ಇಡೋಕೆ ಯಾರ ಅಪ್ಪಣೆ ಬೇಕು ಅನ್ನೋದು ಒಂದು. ಊರಿನ ಕುಡಿಯೋ ನೀರಿನ ಬೋರ್ ಪಕ್ಕದಲ್ಲಿ ಹೊಸ ಬೋರ್ ಕೊರೆಸೋರಿಗೆ ಎಷ್ಟು ದೂರ ಬಿಡಬೇಕು ಅಂತ ಪಂಚಾಯ್ತಿ ಹೇಳಬೇಕು ಅನ್ನೋದು ಇನ್ನೊಂದು. ಅಣ್ಣನೂ ಬರಲಿ, ಅಲ್ಲೇ ಎದುರು ಕೂತು ಮಾತಾಡೋಣ. ಹೋದ ಸಲದ ಹಾಗೆ ಸಹಿ ಹಾಕಿ ಎದ್ದು ಹೋಗೋದು ಬೇಡ.