ಬರುವಾಗ ಇಳಿಜಾರಾ?

ನನ್ನ ತಮ್ಮ ಮೊದಲ ಸಲ ದುಬೈಗೆ ಹೊರಟಾಗ ಅವನ ಟಿಕೆಟ್ಟನ್ನು ಅಪ್ಪ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದರು. ಬೆಂಗಳೂರು ಬಿಡೋದು ಬೆಳಿಗ್ಗೆ 10ಕ್ಕೆ, ದುಬೈ ಮುಟ್ಟೋದು 12.30ಕ್ಕೆ.

"ಬರೇ ಎರಡೂವರೆ ತಾಸೇನೋ! ದಾವಣಗೆರೆಯಿಂದ ಬೆಂಗಳೂರಿಗೇ ನಾಲ್ಕೂವರೆ ತಾಸು ಬೇಕು. ಹಂಗಾದ್ರೆ ನಮಗೆ ದುಬೈಯೇ ಹತ್ರ."

ಜೀವಮಾನವೆಲ್ಲ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಅವರೆದುರು ಬಾಯಿ ಬಿಡೋಕೆ ಮುಂಚೆ ಯೋಚಿಸಬೇಕು. ಟಿಕೆಟ್ಟಿನಲ್ಲಿ ಆಯಾ ಊರಿನ ಗಂಟೆ ಹಾಕಿರ್ತಾರೆ, ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ, ಹಾರೋದು ನಿಜಕ್ಕೂ ನಾಲ್ಕು ತಾಸು ಅಂದೆ. ಅಪ್ಪ ಸುಮ್ಮನೆ ವಾಪಸ್ ಬರುವ ಟಿಕೆಟ್ ಕೈಗೆತ್ತಿಕೊಂಡರು. ಅಲ್ಲಿ 2 ಗಂಟೆ, ಇಲ್ಲಿ 7.10. ಬೆರಳು ಮಡಚಿದರು, ಒಂದೂವರೆ ಕಳೆದರು.

"ಹೋಗಾಕೆ ನಾಲ್ಕು ತಾಸು, ಬರಾಕೆ ಮೂರು ತಾಸು ನಲವತ್ತು ನಿಮಿಷ. ಯಾಕೆ, ಬರುವಾಗ ಇಳಿಜಾರಾ?"

ಆ ಇಪ್ಪತ್ತು ನಿಮಿಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇಳಿಜಾರಲ್ಲ, ಗಾಳಿ. ವಿಮಾನ ಹಾರುವ ಹತ್ತು ಕಿಲೋಮೀಟರ್ ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಪಡುವಣದಿಂದ ಮೂಡಣಕ್ಕೆ ಗಾಳಿ ಜೋರು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ಚಿತ್ರದುರ್ಗದ ಗುಡ್ಡದ ಮೇಲೆ ಫ್ಯಾನು ತಿರುಗಿಸುತ್ತದಲ್ಲ, ಅದರ ದೊಡ್ಡಪ್ಪ ಅಂದುಕೊಳ್ಳಿ ಅಂದೆ. ಹರಿಹರಕ್ಕೆ ಸೈಕಲ್ ತುಳಿದು ಹೋಗಿಬಂದ ಕಾಲು ಅಪ್ಪನದು, ತಕ್ಷಣ ಒಪ್ಪಿಕೊಂಡರು.

ರುಚಿ ಹತ್ತಿತು. ಮರುದಿನವೇ ಇನ್ನೊಂದು ತಕರಾರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾಯ್ದು ವಿಮಾನ ತಂದರಲ್ಲ, ನೆಟ್ಟಗೆ ಬರೋದು ಬಿಟ್ಟು ಅಷ್ಟು ಮೇಲಕ್ಕೆ ಯಾಕೆ ಹೋದರು? ದೇವರ ಮುಂದಿದ್ದ ತೆಂಗಿನಕಾಯಿ ತಂದೆ. ಈ ಮಗ್ಗುಲಿಗೆ ಒಂದು ಕುಂಕುಮದ ಬೊಟ್ಟು, ಆ ಮಗ್ಗುಲಿಗೆ ಒಂದು. ನಡುವೆ ಹೂ ಕಟ್ಟುವ ದಾರ ಬಿಗಿಯಾಗಿ ಎಳೆದರೆ ಅದು ಸೊಂಟ ಬಳಸದೆ ಜುಟ್ಟಿನ ಪಕ್ಕ ಹತ್ತಿ ಇಳಿಯಿತು. ಹದಿನಾಲ್ಕು ಸಾವಿರ ಕಿಲೋಮೀಟರಿನ ಆಸುಪಾಸು, ಹದಿನೇಳು ತಾಸು. ಅದೇ ಹತ್ತಿರದ ದಾರಿ. ಗೋಡೆಯ ನಕ್ಷೆಯಲ್ಲಿ ಮಾತ್ರ ಸುತ್ತುಬಳಸು. (ಕಾಯಿ ಪೂರ್ತಿ ದುಂಡಗಿಲ್ಲ, ನಿಜ. ಭೂಮಿಯೂ ಇಲ್ಲ.) ಅಮ್ಮ ಆ ಕಾಯಿ ಮತ್ತೆ ದೇವರಿಗೆ ಇಡಲಿಲ್ಲ, ಚಟ್ನಿಗೆ ಹಾಕಿದಳು.

ನಮ್ಮೂರಿಗೆ ವಿಮಾನ ನಿಲ್ದಾಣವಿಲ್ಲ. ಪಕ್ಕದ ಶಿವಮೊಗ್ಗಕ್ಕೆ 2023ರಲ್ಲಿ ಬಂತು, ಆದರೂ ತಮ್ಮ ಹತ್ತುವುದು ದೇವನಹಳ್ಳಿಯಲ್ಲೇ. ಮೂರು ತಾಸು ಮುಂಚೆ ಅಲ್ಲಿರಬೇಕು, ಸಿರಾ, ತುಮಕೂರು ದಾಟಬೇಕು. ಬೆಳಿಗ್ಗೆ ಹತ್ತರ ವಿಮಾನಕ್ಕೆ ರಾತ್ರಿ ಎರಡಕ್ಕೇ ಮನೆ ಬಿಟ್ಟ. ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು: ನೆಲದ ಬಾಬ್ತು ಎಂಟು ತಾಸು, ಆಕಾಶದ ಬಾಬ್ತು ನಾಲ್ಕು.

ಅಮ್ಮನಿಗೆ ಈ ಯಾವ ಲೆಕ್ಕವೂ ಬೇಡ. ಅವನು ವಾಪಸ್ ಬರುವ ರಾತ್ರಿ "ಲ್ಯಾಂಡ್ ಆದೆ" ಅಂತ ಫೋನ್ ಬಂದರೂ ಅಲುಗಾಡುವುದಿಲ್ಲ. ಹಿರಿಯೂರು ಅಂದಾಗ ಒಮ್ಮೆ ಗಡಿಯಾರ ನೋಡುತ್ತಾಳೆ. "ದುರ್ಗ ದಾಟಿದ್ವಿ" ಅಂದರೆ ಇನ್ನು 60 ಕಿಲೋಮೀಟರ್, ಒಂದು ತಾಸು. ಆಗ ಎದ್ದು ಅನ್ನಕ್ಕೆ ಇಡುತ್ತಾಳೆ.